43 ಡಿಗ್ರಿಯ ಲೆಕ್ಕ: ಗಡ್ಡೆಗೆ ಶಾಖ ಕೊಡುವ ಚಿಕಿತ್ಸೆಯಲ್ಲಿ ತಾಪ ನಿಯಂತ್ರಣದ ಚರಿತ್ರೆ

ಕ್ಯಾನ್ಸರ್ ಗಡ್ಡೆಯನ್ನು ಅಲ್ಟ್ರಾಸೌಂಡ್ ಶಾಖದಿಂದ ಕುಗ್ಗಿಸುವ ಚಿಕಿತ್ಸೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ಬೆನ್ನು ಹಿಡಿಯುತ್ತಾರೆ. 1927ರಲ್ಲಿ ವುಡ್ ಮತ್ತು ಲೂಮಿಸ್ ಈ ಧ್ವನಿತರಂಗಗಳು ಜೀವಕೋಶಗಳ ಮೇಲೆ ಬೀರುವ ಪರಿಣಾಮ ತೋರಿಸಿದರು, 1942ರಲ್ಲಿ ಲಿನ್ ಮತ್ತು ಸಂಗಡಿಗರು ತರಂಗಗಳನ್ನು ಒಂದೇ ಬಿಂದುವಿಗೆ ಕೇಂದ್ರೀಕರಿಸಿದರು, ಐವತ್ತರ ದಶಕದಲ್ಲಿ ಇಲಿನಾಯ್‌ನ ಫ್ರೈ ಸಹೋದರರು ಅವನ್ನು ಮಿದುಳಿನ ಆಳಕ್ಕೆ ಇಳಿಸಿದರು. ಈ ವಂಶಾವಳಿಯಲ್ಲಿ ತಪ್ಪೇನಿಲ್ಲ. ಆದರೆ ಎಂಬತ್ತರ ದಶಕದಲ್ಲಿ ಅಷ್ಟೊಂದು ಭರವಸೆ ಹುಟ್ಟಿಸಿದ್ದ ಶಾಖಚಿಕಿತ್ಸೆ ಏಕೆ ಮುಗ್ಗರಿಸಿತು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರ ಸಿಗುವುದಿಲ್ಲ. ಶಾಖ ಹುಟ್ಟಿಸಲು ಹಲವು ದಾರಿಗಳಿದ್ದವು. ಹುಟ್ಟಿದ ಶಾಖದಲ್ಲಿ ರಕ್ತ ಹೊತ್ತೊಯ್ದದ್ದೆಷ್ಟು, ಗಡ್ಡೆಯಲ್ಲಿ ಉಳಿದದ್ದೆಷ್ಟು ಎಂದು ತಿಳಿಯುವುದೇ ನಿಜವಾದ ತೊಡಕಾಗಿತ್ತು ಎಂಬುದು ನನ್ನ ವಾದ. ಅದನ್ನು ಪರಿಶೀಲಿಸಲು ನೆರವಾಗುವ ಪ್ರಯೋಗಗಳು ನಮ್ಮ ಕರಾವಳಿಯಲ್ಲೇ ನಡೆದಿವೆ.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದಾಗ ಅದಕ್ಕೆ ಎರಡು ನೆಲೆಗಳಿದ್ದವು: ಆರಂಭದ ಪಾಠಗಳು ಮಣಿಪಾಲದಲ್ಲಿ, ರೋಗಿಗಳ ನಡುವಿನ ತರಬೇತಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ. ಆ ಕಾಲೇಜಿನ ಮಣಿಪಾಲದ ರೇಡಿಯೋಬಯಾಲಜಿ ವಿಭಾಗದಲ್ಲಿ ಪಿ. ಉಮಾದೇವಿ ಮತ್ತು ಸಹೋದ್ಯೋಗಿಗಳು ತೊಂಬತ್ತರ ದಶಕದಲ್ಲಿ ಇಲಿಗಳ ಗಡ್ಡೆಗಳ ಮೇಲೆ ಅಶ್ವಗಂಧದ ಸಾರ, ವಿಕಿರಣ ಮತ್ತು ಶಾಖವನ್ನು ಬಿಡಿಬಿಡಿಯಾಗಿಯೂ ಜೊತೆಜೊತೆಯಾಗಿಯೂ ಪರೀಕ್ಷಿಸಿದರು. ಹೆಸರಾದದ್ದು ಅಶ್ವಗಂಧ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಶಾಖದ ಅಳತೆ: 43 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ಗಡ್ಡೆಯಿರುವ ಭಾಗವನ್ನು ತಾಪ ಸ್ಥಿರವಾಗಿರುವ ನೀರಿನಲ್ಲಿ ಮುಳುಗಿಸಿದರೆ ಸುತ್ತಲೂ ಒಂದೇ ಬಿಸಿ. ಗಡ್ಡೆ ಚಿಕ್ಕದು, ಚರ್ಮಕ್ಕೆ ಹತ್ತಿರ. ನೀರಿನ ತಾಪವನ್ನೇ ಹೆಚ್ಚುಕಡಿಮೆ ಗಡ್ಡೆಯ ತಾಪವೆಂದು ಬರೆದುಕೊಳ್ಳಬಹುದು.

ಅಲ್ಟ್ರಾಸೌಂಡಿನಲ್ಲಿ ಈ ಅನುಕೂಲ ಇಲ್ಲ. ಮಂಗಳೂರಿನ ಯಾವುದೇ ಫಿಸಿಯೋಥೆರಪಿ ಕೊಠಡಿಯಲ್ಲಿ ಮೊಣಕಾಲಿಗೆ ಜೆಲ್ ಹಚ್ಚಿ ಆಡಿಸುವ ಯಂತ್ರದ ಪರದೆಯಲ್ಲಿ ಕಾಣುವುದು ಚದರ ಸೆಂಟಿಮೀಟರಿಗೆ ಎಷ್ಟು ವ್ಯಾಟ್ ಎಂಬ ಅಂಕಿ ಮಾತ್ರ. ಒಳಗೆ ಎಷ್ಟು ಡಿಗ್ರಿ ಏರಿತೆಂದು ಅದು ಹೇಳದು. ಮೂಳೆ ಈ ತರಂಗಗಳನ್ನು ಮಾಂಸಕ್ಕಿಂತ ಬಹಳ ಹೆಚ್ಚು ಹೀರುತ್ತದೆ, ಗಾಳಿ ಹಿಂದಕ್ಕೆ ತಳ್ಳುತ್ತದೆ, ಹರಿಯುವ ರಕ್ತ ತಂಪುಮಾಡುತ್ತಲೇ ಇರುತ್ತದೆ. ಈ ರಕ್ತದ ಪಾಲನ್ನು ಪೆನ್ನೆಸ್ 1948ರಲ್ಲೇ ಮುಂಗೈಯ ತಾಪ ಅಳೆದು ಸಮೀಕರಣಕ್ಕೆ ತಂದಿದ್ದರು. ಹಾಗಾದರೆ ಸೂಜಿಯಂಥ ಥರ್ಮೋಕಪಲ್ ಚುಚ್ಚಿ ನೋಡಬಹುದಲ್ಲ? ಅಲ್ಲೂ ಒಂದು ಕುತ್ತಿದೆ. ತರಂಗ ಹಾಯುವಾಗ ತಂತಿಗೂ ಅದನ್ನು ಮುತ್ತಿರುವ ಅಂಗಾಂಶಕ್ಕೂ ಉಜ್ಜಾಟವಾಗಿ ತಾಪಮಾಪಕವೇ ಬಿಸಿಯೇರುತ್ತದೆ. ಅಳತೆ ಏರಿಸಿ ತೋರಿಸುವ ಈ ದೋಷವನ್ನು ಫ್ರೈ ಸಹೋದರರು 1954ರಲ್ಲೇ ವಿವರಿಸಿದ್ದರು.

ಒಂದೆರಡು ಡಿಗ್ರಿಯ ತಪ್ಪಿಗೆ ಇಷ್ಟೆಲ್ಲ ಏಕೆ ಎನ್ನುವವರಿಗೆ 1984ರಲ್ಲಿ ಸಪರೆಟೊ ಮತ್ತು ಡ್ಯೂಯಿ ಕೊಟ್ಟ ಶಾಖಮಾತ್ರೆಯ ಸೂತ್ರದಲ್ಲಿ ಉತ್ತರವಿದೆ. 43ರ ಮೇಲೆ ಒಂದು ಡಿಗ್ರಿ ಏರಿದರೆ ಅದೇ ಪರಿಣಾಮಕ್ಕೆ ಅರ್ಧ ಸಮಯ ಸಾಕು. ಒಂದು ಡಿಗ್ರಿ ಇಳಿದರೆ ನಾಲ್ಕು ಪಟ್ಟು ಬೇಕು. ಮಣಿಪಾಲದ 30 ನಿಮಿಷ 44ರಲ್ಲಿ 15 ನಿಮಿಷವಾಗುತ್ತದೆ, 42ರಲ್ಲಿ ಎರಡು ಗಂಟೆ. ಅಂದರೆ ಗಡ್ಡೆಯ ಒಂದು ಮೂಲೆ ಒಂದೇ ಡಿಗ್ರಿ ತಂಪಾಗಿದ್ದರೂ ಅಲ್ಲಿಗೆ ಚಿಕಿತ್ಸೆ ಮುಟ್ಟಿದ್ದು ಕಾಲುಪಾಲು. ಅಮೆರಿಕದ ವಿಕಿರಣ ಚಿಕಿತ್ಸಾ ಸಂಶೋಧಕರ ಆರ್‌ಟಿಒಜಿ ಗುಂಪು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ವಿಕಿರಣಕ್ಕೆ ಶಾಖ ಸೇರಿಸಿದ್ದರಿಂದ ಒಟ್ಟಾರೆ ಲಾಭ ಕಾಣಲಿಲ್ಲ. 3 ಸೆಂಟಿಮೀಟರಿಗಿಂತ ಚಿಕ್ಕ, ಸರಿಯಾಗಿ ಬಿಸಿಮಾಡಬಹುದಾದ ಗಡ್ಡೆಗಳಲ್ಲಿ ಕಂಡಿತು. 2005ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಬಿಸಿಯಾಗುವ ಗಡ್ಡೆಗಳನ್ನೇ ಮೊದಲು ಆರಿಸಿಕೊಂಡು ಶಾಖಮಾತ್ರೆ ಅಳೆದು ಕೊಟ್ಟಾಗ ಗಡ್ಡೆ ಪೂರ್ತಿ ಕರಗಿದವರ ಪ್ರಮಾಣ ಶೇಕಡಾ 42.3ರಿಂದ 66.1ಕ್ಕೆ ಏರಿತು. ಇವೆರಡರಲ್ಲೂ ಶಾಖದ ಮೂಲ ಮುಖ್ಯವಾಗಿ ಮೈಕ್ರೋವೇವ್, ಅಲ್ಟ್ರಾಸೌಂಡ್ ಅಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮೂಲ ಒಂದೇ ತೆರನಾಗಿದ್ದೂ ಫಲ ಬೇರೆಯಾಯಿತು; ಬದಲಾದದ್ದು ಅಳತೆಯ ಶಿಸ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಗಡ್ಡೆಯ ರಕ್ತಸಂಚಾರ ಮೊದಲೇ ಬಡಕಲು, ಆದ್ದರಿಂದ ಶಾಖ ಅಲ್ಲೇ ನಿಲ್ಲುತ್ತದೆ, ನಿಯಂತ್ರಣದ ಗೊಡವೆ ಬೇಡ ಎಂಬುದು. ಗಡ್ಡೆಯೊಳಗೆ ಎಲ್ಲೆಡೆ ರಕ್ತ ಒಂದೇ ಸಮ ಹರಿಯುವುದಿಲ್ಲ ಎಂಬುದನ್ನು ಈ ಮಾತು ಮರೆಯುತ್ತದೆ. ಉಮಾದೇವಿ ಮತ್ತು ಕೆ. ಗುರುಪ್ರಸಾದ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಬಿಂದುವನ್ನು ಮುಟ್ಟುತ್ತದೆ: ಇಲಿಯ ಮೆಲನೋಮಾ ಗಡ್ಡೆಗೆ ಹೋಗುವ ರಕ್ತವನ್ನು ಕ್ಲಾಂಪ್ ಹಾಕಿ ತಡೆದರೆ, ಮತ್ತೆ ಬಿಟ್ಟರೆ, ವಿಕಿರಣಕ್ಕೂ ಶಾಖಕ್ಕೂ ಅದು ಹೇಗೆ ಸ್ಪಂದಿಸುತ್ತದೆ ಎಂಬ ಪರಿಶೀಲನೆ ಅದು. ಆಮ್ಲಜನಕ ಕಳೆದುಕೊಂಡ ಕೋಶ ವಿಕಿರಣಕ್ಕೆ ಜಗ್ಗುವುದಿಲ್ಲ, ಆಮ್ಲೀಯವಾದ ಅದೇ ಕೋಶ ಶಾಖಕ್ಕೆ ಬೇಗ ಸಾಯುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ತಿಳಿವು. ನೀರಿನ ತಾಪ ಕೈಯಲ್ಲಿದ್ದ ಪ್ರಯೋಗಶಾಲೆಯಲ್ಲೂ ರಕ್ತದ ಹರಿವನ್ನು ಬೇರೆಯಾಗಿ ಹಿಡಿದು ನೋಡಬೇಕಾಯಿತೆಂದ ಮೇಲೆ, ಮನುಷ್ಯನ ಆಳದ ಗಡ್ಡೆಯ ಮಾತೇನು?

ಕೇಂದ್ರೀಕೃತ ಅಲ್ಟ್ರಾಸೌಂಡಿನಿಂದ ಕೆಲವೇ ಸೆಕೆಂಡುಗಳಲ್ಲಿ 60 ಡಿಗ್ರಿ ದಾಟಿಸಿ ಕೋಶಗಳನ್ನು ಸುಟ್ಟುಬಿಟ್ಟರೆ ರಕ್ತಕ್ಕೆ ತಂಪುಮಾಡುವ ಪುರುಸೊತ್ತೇ ಇರದು ಎಂಬ ವಾದವೂ ಇದೆ. ಬಿಂದುವಿನ ನಡುವಿಗೆ ಅದು ಸರಿ. ಅಂಚಿನಲ್ಲಿ, ಪಕ್ಕದ ನರದಲ್ಲಿ, ಹಿಂದಿನ ಮೂಳೆಯಲ್ಲಿ ಶಾಖ ಶೇಖರವಾಗುತ್ತ ಹೋಗುತ್ತದೆ. ಈ ವಿಧಾನ ಚಿಕಿತ್ಸಾಲಯಕ್ಕೆ ಬರಲು ಎಂಆರ್‌ಐ ತಾಪನಕ್ಷೆ ದೊಡ್ಡ ಆಸರೆಯಾಯಿತು: ನೀರಿನ ಪ್ರೋಟಾನಿನ ಅನುರಣನ ಡಿಗ್ರಿಗೆ ಸುಮಾರು 0.01 ಪಿಪಿಎಂ ಸರಿಯುತ್ತದೆಂಬ ಗುಣವನ್ನು ಇಶಿಹಾರಾ ಮತ್ತು ಸಂಗಡಿಗರು 1995ರಲ್ಲಿ ತಾಪ ಅಳೆಯಲು ಬಳಸಿದರು, 2004ರಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಚಿಕಿತ್ಸೆಗೆ ಅಮೆರಿಕದ ಅನುಮತಿ ಸಿಕ್ಕಿತು. ಚುಚ್ಚುವ ತಂತಿ ಬೇಕಾಗಲಿಲ್ಲ, ಉಜ್ಜಾಟದ ದೋಷವೂ ಹೋಯಿತು. ಆದರೂ ಕೊಬ್ಬಿನ ಪ್ರೋಟಾನು ಈ ನಿಯಮಕ್ಕೆ ಬಗ್ಗುವುದಿಲ್ಲ, ಉಸಿರಿನೊಡನೆ ಸರಿಯುವ ಯಕೃತ್ತಿನಲ್ಲಿ ನಕ್ಷೆ ಕದಡುತ್ತದೆ. ಕೊಬ್ಬು ತುಂಬಿದ ಸ್ತನದ ಗಡ್ಡೆಯ ಅಂಚಿನಲ್ಲಿ ತಾಪ ಎಷ್ಟೆಂಬುದು ಇವತ್ತಿಗೂ ಸುಲಭದಲ್ಲಿ ಕೈಗೆ ಸಿಗುವ ಅಂಕಿಯಲ್ಲ.