ಅಡ್ಡಬಂಧ: ರಬ್ಬರು, ಪ್ಲಾಸ್ಟಿಕ್‌ಗಳಿಗೆ ಬಲ ಕೊಡುವ ಬಿಚ್ಚಲಾಗದ ಗಂಟು

ಅಡುಗೆಮನೆಯ ಪ್ರೆಷರ್ ಕುಕ್ಕರಿನ ಕಪ್ಪು ಹಿಡಿಕೆ, ಅದರ ಮುಚ್ಚಳದೊಳಗಿನ ರಬ್ಬರ್ ಉಂಗುರ, ಕಟ್ಟಡದ ಕೆಳಗೆ ನಿಂತ ವಾಹನದ ಟೈರು, ರಸ್ತೆಯಡಿ ಹಾದುಬರುವ ವಿದ್ಯುತ್ ಕೇಬಲ್ಲಿನ ಹೊದಿಕೆ - ಮೇಲ್ನೋಟಕ್ಕೆ ಇವುಗಳ ನಡುವೆ ಯಾವ ನಂಟೂ ಕಾಣದು. ಆದರೆ ಇವೆಲ್ಲಕ್ಕೂ ಸಮಾನವಾದ ಗುಣವೊಂದಿದೆ: ಬಿಸಿಯೇರಿದರೂ ಇವು ಮೇಣದಂತೆ ಕರಗಿ ಹರಿಯುವುದಿಲ್ಲ. ಈ ಗುಣಕ್ಕೆ ಕಾರಣವಾದ ರಾಸಾಯನಿಕ ಕ್ರಿಯೆಯೇ ಕ್ರಾಸ್‌ಲಿಂಕಿಂಗ್. ಕನ್ನಡದಲ್ಲಿ ಇದನ್ನು ಅಡ್ಡಬಂಧವೆನ್ನಬಹುದು.

ಅಡ್ಡಬಂಧವೆಂದರೇನು?

ರಬ್ಬರು ಹಾಗೂ ಪ್ಲಾಸ್ಟಿಕ್‌ಗಳು ಪಾಲಿಮರುಗಳು. ಅಂದರೆ ಸಾವಿರಾರು ಸಣ್ಣ ಘಟಕಗಳು ಸಾಲಾಗಿ ಕೂಡಿಕೊಂಡ ನೀಳವಾದ ಅಣುಸರಪಣಿಗಳು. ಈ ಸರಪಣಿಗಳು ಬಿಡಿಯಾಗಿದ್ದರೆ ನೂಲಿನ ರಾಶಿಯಂತೆ ಒಂದರ ಮೇಲೊಂದು ಜಾರುತ್ತವೆ. ಅಲ್ಲಲ್ಲಿ ಒಂದು ಸರಪಣಿಯನ್ನು ಮತ್ತೊಂದಕ್ಕೆ ಗಂಟು ಹಾಕಿದರೆ ನೂಲಿನ ರಾಶಿ ಬಲೆಯಾಗುತ್ತದೆ. ಎಳೆದಾಗ ಹಿಗ್ಗುವ ಬಲೆ, ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ.

ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಪರಿಸರದ ರಬ್ಬರ್ ತೋಟಗಳನ್ನು ಕಂಡವರಿಗೆ ಇದರ ಅರ್ಥ ಬೇಗನೆ ಹೊಳೆಯುತ್ತದೆ. ಮರದಿಂದ ಇಳಿಸಿದ ಹಾಲನ್ನು ಹೆಪ್ಪುಗಟ್ಟಿಸಿ ಮಾಡಿದ ಹಾಳೆ ಅಡ್ಡಬಂಧವಿಲ್ಲದ ಕಚ್ಚಾ ರಬ್ಬರು. ಸೆಕೆಗೆ ಅದು ಅಂಟಾಗುತ್ತದೆ, ಕಡುಚಳಿಗೆ ಬಿರುಸಾಗುತ್ತದೆ. ಅದರಿಂದ ನೇರವಾಗಿ ಟೈರು ಮಾಡಲಾಗದು.

ಗಂಧಕದ ಶೋಧ

ಈ ದೋಷದಿಂದಲೇ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ರಬ್ಬರ್ ಉದ್ಯಮ ನೆಲಕಚ್ಚುವ ಸ್ಥಿತಿಗೆ ಬಂದಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ, ಗಂಧಕ ಬೆರೆಸಿದ ರಬ್ಬರನ್ನು ಕಾಯಿಸಿದಾಗ ಅದು ಕರಗದೆ ಗಟ್ಟಿಯಾಗಿ, ಸ್ಥಿತಿಸ್ಥಾಪಕ ಗುಣ ಪಡೆಯುವುದನ್ನು ಕಂಡುಕೊಂಡರು. 1844ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಅಲ್ಲಿನ ಪೇಟೆಂಟಿಗೆ ಅರ್ಜಿ ಹಾಕಿಯಾಗಿತ್ತು. ರೋಮನ್ನರ ಅಗ್ನಿದೇವತೆ ವಲ್ಕನ್‌ನ ಹೆಸರಿನಿಂದ ಈ ಕ್ರಿಯೆಗೆ ವಲ್ಕನೀಕರಣವೆಂಬ ಹೆಸರಾಯಿತು. ಗುಡ್‌ಇಯರ್ 1860ರಲ್ಲಿ ಸಾಲದ ಹೊರೆಯೊಂದಿಗೇ ತೀರಿಕೊಂಡರು. ಅವರ ಹೆಸರನ್ನು ಹೊತ್ತ ಟೈರು ಕಂಪನಿ ಸ್ಥಾಪನೆಯಾದದ್ದು 1898ರಲ್ಲಿ. ಅದಕ್ಕೂ ಅವರಿಗೂ ಹೆಸರಿನ ಹೊರತು ಸಂಬಂಧವಿಲ್ಲ.

ಇಲ್ಲಿ ಅಳತೆಯೇ ಮುಖ್ಯ. 100 ಭಾಗ ರಬ್ಬರಿಗೆ ಸುಮಾರು 1ರಿಂದ 3 ಭಾಗ ಗಂಧಕ ಬೆರೆತರೆ ಮೆತುವಾದ, ಹಿಗ್ಗುವ ರಬ್ಬರು ದೊರೆಯುತ್ತದೆ. ಅದನ್ನೇ 30 ಭಾಗಕ್ಕೂ ಮಿಗಿಲಾಗಿಸಿದರೆ ಹಳೆಯ ಫೌಂಟನ್ ಪೆನ್ನುಗಳಲ್ಲಿ ಬಳಸುತ್ತಿದ್ದ ಕಠಿಣವಾದ ಎಬೊನೈಟ್ ಆಗುತ್ತದೆ. ಗಂಟುಗಳು ಕಡಿಮೆಯಾದರೆ ವಸ್ತು ಆಕಾರ ಕಳೆದುಕೊಳ್ಳುತ್ತದೆ, ಅತಿಯಾದರೆ ಒಡೆಯುತ್ತದೆ.

ಪ್ಲಾಸ್ಟಿಕ್‌ನಲ್ಲಿ ಅಡ್ಡಬಂಧ

1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಬೇಕಲೈಟ್, ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳು ಕೂಡಿ ಎಲ್ಲ ದಿಕ್ಕಿಗೂ ಹೆಣೆದುಕೊಂಡ ಪ್ಲಾಸ್ಟಿಕ್. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳು ಇದರವೇ. ಮೆಲಮೈನ್ ತಟ್ಟೆಗಳೂ ಇದೇ ವರ್ಗಕ್ಕೆ ಸೇರಿದವು.

ಪಾಲಿಥೀನ್ ಇದಕ್ಕೆ ವ್ಯತಿರಿಕ್ತವಾಗಿ ಬಿಡಿ ಸರಪಣಿಗಳ ಪ್ಲಾಸ್ಟಿಕ್. ಮೃದು ಪಾಲಿಥೀನ್ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೆ ಅಡ್ಡಬಂಧ ನೀಡಲು ಮೂರು ಮಾರ್ಗಗಳು ಬಳಕೆಯಲ್ಲಿವೆ. ಮೊದಲನೆಯದು, ಪೆರಾಕ್ಸೈಡ್ ಬೆರೆಸಿ ಕಾಯಿಸುವುದು. ಎರಡನೆಯದು, ಸಿಲೇನ್ ಎಂಬ ಸಂಯುಕ್ತವನ್ನು ಸರಪಣಿಗೆ ಜೋಡಿಸಿ ನೀರಿನ ತೇವದಿಂದ ಗಂಟುಗಳನ್ನು ಕೂಡಿಸುವುದು. ಮೂರನೆಯದು, ವೇಗವಾದ ಎಲೆಕ್ಟ್ರಾನುಗಳನ್ನು ಹಾಯಿಸುವುದು. ನವಿ ಮುಂಬಯಿಯ ವಾಶಿಯಲ್ಲಿರುವ ಪರಮಾಣು ಶಕ್ತಿ ಇಲಾಖೆಯ ಎಲೆಕ್ಟ್ರಾನ್ ವೇಗವರ್ಧಕದಲ್ಲಿಯೂ ಇಂತಹ ಸಂಸ್ಕರಣೆ ನಡೆದಿದೆ ಎಂಬುದು ಮುಂಬಯಿ ಕನ್ನಡಿಗರಿಗೆ ಆಸಕ್ತಿಯ ಸಂಗತಿ.

ಇದರ ಫಲವನ್ನು ಅಂಕಿಗಳಲ್ಲಿ ಕಾಣಬಹುದು. ಸಾಮಾನ್ಯ ಪಿವಿಸಿ ಹೊದಿಕೆಯ ಕೇಬಲ್ ನಿರಂತರವಾಗಿ 70 ಡಿಗ್ರಿ ತಾಪವನ್ನು ತಾಳಬಲ್ಲುದಾದರೆ, ಅಡ್ಡಬಂಧಿತ ಪಾಲಿಥೀನ್ ಹೊದಿಕೆಯದು 90 ಡಿಗ್ರಿಯನ್ನು ತಾಳುತ್ತದೆ. ಶಾರ್ಟ್ ಸರ್ಕ್ಯೂಟಿನ ಆ ಕೆಲವು ಕ್ಷಣಗಳಿಗೆ ನಿಗದಿಯಾದ ಮಿತಿ ಪಿವಿಸಿಗೆ 160 ಡಿಗ್ರಿ, ಇದಕ್ಕೆ 250 ಡಿಗ್ರಿ. ಅಷ್ಟೇ ದಪ್ಪದ ತಂತಿಯಲ್ಲಿ ಹೆಚ್ಚು ವಿದ್ಯುತ್ತನ್ನು ಸಾಗಿಸಲು ಇದರಿಂದ ಸಾಧ್ಯವಾಗಿದೆ.

ಗಂಟಿನ ಬೆಲೆ

ಬಲ ನೀಡಿದ ಈ ಗಂಟನ್ನು ಮರಳಿ ಬಿಚ್ಚುವುದು ಸುಲಭವಲ್ಲ. ಹಾಲಿನ ಪ್ಲಾಸ್ಟಿಕ್ ಚೀಲವನ್ನು ಕರಗಿಸಿ ಬೇರೊಂದು ವಸ್ತುವನ್ನಾಗಿಸಬಹುದು. ಸವೆದ ಟೈರನ್ನು ಹಾಗೆ ಕರಗಿಸಲಾಗದು. ಅದನ್ನು ಪುಡಿಮಾಡಿ ರಸ್ತೆಯ ಡಾಂಬರಿಗೆ ಬೆರೆಸುವುದು, ಗಂಧಕದ ಬಂಧಗಳನ್ನು ಭಾಗಶಃ ಮುರಿದು ಮರುಬಳಕೆಯ ರಬ್ಬರ್ ಪಡೆಯುವುದು ಮುಂತಾದ ಉಪಾಯಗಳಿವೆ. 2022ರಲ್ಲಿ ಕೇಂದ್ರ ಸರ್ಕಾರವು ಹಳೆಯ ಟೈರುಗಳ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೂ ಹೊರಿಸುವ ನಿಯಮ ತಂದಿತು. ಕಾದಾಗ ಗಂಟುಗಳು ಸ್ಥಾನ ಬದಲಿಸಿಕೊಳ್ಳುವಂತಹ ವಿಟ್ರಿಮರ್ ಎಂಬ ಹೊಸ ವರ್ಗವನ್ನು ಫ್ರಾನ್ಸಿನ ಲುಡ್ವಿಕ್ ಲೀಬ್ಲರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು.

ಗೃಹಸ್ಥರ ಗಮನಕ್ಕೆ

ರಬ್ಬರಿನ ರಾಸಾಯನಿಕ ಬದಲಾವಣೆ ಕಾರ್ಖಾನೆಯಲ್ಲಿಯೇ ಮುಗಿಯುವುದಿಲ್ಲ. ಶಾಖ, ಆಮ್ಲಜನಕ ಹಾಗೂ ಓಝೋನ್‌ಗಳ ಪ್ರಭಾವದಿಂದ ಕೆಲವು ಸರಪಣಿಗಳು ತುಂಡಾಗುತ್ತವೆ, ಕೆಲವೆಡೆ ಬೇಡದ ಹೊಸ ಗಂಟುಗಳು ಮೂಡುತ್ತವೆ. ಕುಕ್ಕರಿನ ಉಂಗುರ ಕಾಲಕ್ರಮೇಣ ಬಿರುಸಾಗುವುದು, ಟೈರಿನ ಬದಿಯಲ್ಲಿ ಸೀಳುಗಳು ಕಾಣುವುದು ಇದರಿಂದಲೇ. ಎಣ್ಣೆ ಸವರಿದರೆ ಈ ಹಾನಿ ಸರಿಹೋಗದು. ಆದುದರಿಂದ ಬಿರುಸಾದ ಉಂಗುರವನ್ನು ಬದಲಿಸಬೇಕು. ಅಡುಗೆ ಅನಿಲದ ನಳಿಕೆಯನ್ನು ಅದರ ಮೇಲೆ ಮುದ್ರಿತವಾದ ಅವಧಿ ಮೀರಿ ಬಳಸಬಾರದು. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಕೊಳ್ಳುವಾಗ ಇದನ್ನು ನೋಡಿಕೊಳ್ಳುವುದು ಒಳಿತು. ವಸ್ತು ನೋಡಲು ಗಟ್ಟಿಯಾಗಿದೆಯೆಂಬ ಮಾತ್ರಕ್ಕೆ ಅದರೊಳಗಿನ ಬಲೆ ಸುಸ್ಥಿತಿಯಲ್ಲಿದೆಯೆಂದು ಭಾವಿಸಲಾಗದು.