ಸತ್ತ ಮಂಗನ ಸುದ್ದಿ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಘಟ್ಟದಂಚಿನ ಹಳ್ಳಿಗಳ ಜನರು ಸೊಪ್ಪಿಗೆ, ತರಗೆಲೆಗೆ, ಕಟ್ಟಿಗೆಗೆ ಕಾಡು ಸೇರುವ ದಿನಗಳಲ್ಲಿ ಅಲ್ಲೊಂದು ಮಂಗ ಸತ್ತು ಬಿದ್ದಿದ್ದರೆ, ಅದು ಮನುಷ್ಯನಿಗೆ ಬಂದ ಎಚ್ಚರಿಕೆಯೂ ಹೌದು. ಈ ಎಚ್ಚರಿಕೆಯನ್ನು ಓದಲು ನಾವು ಕಲಿತದ್ದು ಹೇಗೆ?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ನರಳಿದರು. ಏಷ್ಯಾದಲ್ಲಿ ಎಂದೂ ಕಾಣಿಸದ ಹಳದಿ ಜ್ವರವೇ ಬಂದಿತೇ ಎಂದು ವೈದ್ಯಲೋಕ ಶಂಕಿಸಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿದಾಗ ಕಂಡುಬಂದದ್ದು ಉಣುಗುಗಳಿಂದ ಹರಡುವ ಹೊಸ ವೈರಸ್. ಜನರು ಅದನ್ನು ‘ಮಂಗನ ಕಾಯಿಲೆ’ ಎಂದೇ ಕರೆದರು. ಎರಡು ಸಾವುಗಳ ನಡುವಿನ ನಂಟು ಆ ಹೆಸರಿನಲ್ಲೇ ಇದೆ.

ಕಾಯಿಲೆ ಸೊರಬದಲ್ಲೇ ನಿಲ್ಲಲಿಲ್ಲ. 1983ರ ಸುಮಾರಿಗೆ ಬೆಳ್ತಂಗಡಿಯ ಕಡೆ ಕಾಡು ಕಡಿದಲ್ಲಿ ಅದು ಭುಗಿಲೆದ್ದು ಸಾವಿರಕ್ಕೂ ಹೆಚ್ಚು ಜನರನ್ನು ಬಾಧಿಸಿತು. ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನಮ್ಮ ಹೊನ್ನಾವರ, ಭಟ್ಕಳ, ಕುಮಟಾಗಳಿಗೂ ಅದು ಕಾಲಿಟ್ಟಿತು. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತಿತು. ಆದುದರಿಂದ ಸುದ್ದಿ ಬೇಗ ತಿಳಿಯುವುದೇ ದೊಡ್ಡ ರಕ್ಷಣೆ.

ಸಾವನ್ನು ಬರೆದಿಟ್ಟು ರೋಗವನ್ನು ಅರಿಯುವ ಕ್ರಮ ಹಳೆಯದು. ಲಂಡನ್ನಿನಲ್ಲಿ ಪ್ಲೇಗಿನ ಕಾಲದಲ್ಲಿ ಧರ್ಮಕೇಂದ್ರಗಳ ಗುಮಾಸ್ತರು ವಾರವಾರವೂ ಸತ್ತವರ ಲೆಕ್ಕ ಒಪ್ಪಿಸುತ್ತಿದ್ದರು. ಹೆಣವನ್ನು ನೋಡಿ ಸಾವಿನ ಕಾರಣ ಹೇಳುತ್ತಿದ್ದವರು ಬಹುಪಾಲು ಬಡ ಮುದುಕಿಯರು. ಆ ಲೆಕ್ಕಗಳನ್ನೇ ಕೂಡಿಸಿ 1662ರಲ್ಲಿ ಜಾನ್ ಗ್ರಾಂಟ್ ಎಂಬ ವ್ಯಾಪಾರಿ ಬರೆದ ಪುಸ್ತಕ ಜನಸಂಖ್ಯಾಶಾಸ್ತ್ರಕ್ಕೆ ಬುನಾದಿಯಾಯಿತು. ಅವನ ವಿದ್ಯೆಯೆಲ್ಲ ನಿಂತದ್ದು ಹೆಸರಿಲ್ಲದ ಆ ಮುದುಕಿಯರ ಮಾತಿನ ಮೇಲೆ.

ನಮ್ಮ ದೇಶದಲ್ಲಿ 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭವಾಯಿತು. ಆರೋಗ್ಯ ಕಾರ್ಯಕರ್ತೆ ಶಂಕಿತ ರೋಗವನ್ನು, ವೈದ್ಯರು ತಾವು ಗುರುತಿಸಿದ್ದನ್ನು, ಪ್ರಯೋಗಾಲಯ ಖಚಿತವಾದುದನ್ನು ಪ್ರತ್ಯೇಕ ನಮೂನೆಗಳಲ್ಲಿ ವಾರಕ್ಕೊಮ್ಮೆ ಕಳುಹಿಸಬೇಕಿತ್ತು. ಆದರೆ ರೋಗ ವಾರದ ಕೊನೆಯವರೆಗೆ ಕಾಯುವುದಿಲ್ಲ. 2021ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಬಂದ ಹೊಸ ವಿದ್ಯುನ್ಮಾನ ವ್ಯವಸ್ಥೆಯಲ್ಲಿ ಪ್ರತಿಯೊಂದು ಪ್ರಕರಣವನ್ನೂ ಸ್ಥಳದ ಗುರುತಿನೊಡನೆ ಬೇಗನೆ ದಾಖಲಿಸಬಹುದು.

ಇದರ ಬೆಲೆ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಭಟ್ಕಳದ ರೋಗಿ ಕಾಯಿಲೆ ಬಲಿತಾಗ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾನೆ, ಜಿಲ್ಲೆ ದಾಟುತ್ತಾನೆ. ಅವನ ಚೀಟಿ ಅಲ್ಲಿಯೇ ಉಳಿದರೆ, ಅವನು ಸೊಪ್ಪು ತಂದ ಬೆಟ್ಟಕ್ಕೆ ಮರುದಿನವೂ ನೆರೆಯವರು ಹೋಗುತ್ತಾರೆ. ಆಸ್ಪತ್ರೆಯ ಗಣಕದಲ್ಲಿ ಬರೆದ ರೋಗನಿರ್ಣಯವು ಆ ಕ್ಷಣವೇ ಅವನ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿದರೆ, ಕಾರ್ಯಕರ್ತೆ ಮನೆಮನೆಗೆ ಹೋಗಿ ಎಚ್ಚರಿಸಬಲ್ಲಳು, ಮೈಗೆ ಹಚ್ಚುವ ಉಣುಗು ನಿವಾರಕ ತೈಲವನ್ನು ಹಂಚಬಲ್ಲಳು.

ಆದರೆ ಓದುಗರೇ, ಗಣಕವು ತಾನಾಗಿ ಏನನ್ನೂ ಕಾಣದು. ಜ್ವರ ಬಂದವನು ಕೂಲಿ ತಪ್ಪೀತೆಂದು ಮನೆಯಲ್ಲೇ ಮಲಗಿದರೆ ಯಾವ ದಾಖಲೆಯೂ ಹುಟ್ಟುವುದಿಲ್ಲ. ಸತ್ತ ಮಂಗನನ್ನು ಕಂಡವನು ಸುಮ್ಮನೆ ಮುಂದೆ ನಡೆದರೆ ಕಾಡಿನ ಎಚ್ಚರಿಕೆ ಕಾಡಿನಲ್ಲೇ ಕೊಳೆಯುತ್ತದೆ. ಇನ್ನೊಂದು ಮಾತು: ರೋಗಿಯ ಹೆಸರು ಊರಿಡೀ ಹರಡಿ ಅವನನ್ನು ದೂರವಿಡುವಂತಾದರೆ ಮುಂದಿನವನು ತನ್ನ ರೋಗವನ್ನು ಮುಚ್ಚಿಡುತ್ತಾನೆ. ಗುಟ್ಟು ಕಾಯುವ ದಾಖಲೆಯನ್ನು ಮಾತ್ರ ಜನ ನಂಬುತ್ತಾರೆ.

ಆದ್ದರಿಂದ ಕಾಡಿನ ದಾರಿಯಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನಿಮ್ಮ ಹೆಸರು ಯಾವ ಇತಿಹಾಸದಲ್ಲೂ ಬರದಿರಬಹುದು. ಆದರೆ ನಾಳೆ ಆ ಬೆಟ್ಟಕ್ಕೆ ಹೊರಡಬೇಕಿದ್ದ ತಾಯಿಯೊಬ್ಬಳು ಅಂದು ಮನೆಯಲ್ಲೇ ಉಳಿದಾಳು.