ರಾಯರ ಕುದುರೆಯ ಮೇವಿನ ಲೆಕ್ಕ

ವಿಜಯವಾಡದಲ್ಲಿ ಎಂಟು ವರ್ಷ, ಆಮೇಲೆ ವಿಶಾಖಪಟ್ಟಣದಲ್ಲಿ ಹದಿನೇಳು ವರ್ಷ. ಊರಿಂದ ನೆಂಟರು ಬಂದರೆ ನಾನು ತಪ್ಪದೆ ತೋರಿಸುವುದು ಎರಡು ಜಾಗ: ಅಲ್ಲಿದ್ದಾಗ ಕೊಂಡಪಲ್ಲಿ ಕೋಟೆ, ಇಲ್ಲಿ ಸಿಂಹಾಚಲ. ಗಜಪತಿಗಳ ಮೇಲೆ ದಂಡೆತ್ತಿ ಬಂದ ಕೃಷ್ಣದೇವರಾಯ 1515ರಲ್ಲಿ ಕೊಂಡವೀಡು ಹಿಡಿದು, ಮುಂದೆ ಕೊಂಡಪಲ್ಲಿಯನ್ನೂ ಗೆದ್ದು, 1516ರಲ್ಲಿ ಸಿಂಹಾಚಲದಲ್ಲಿ ಶಾಸನ ಹಾಕಿಸಿದ. "ಅಬ್ಬಾ, ಹಂಪಿಯಿಂದ ಇಲ್ಲೀತನಕ ಕುದುರೆ ಮೇಲೆ!" ಅಂತ ಎಲ್ಲರೂ ಬೆರಗಾಗ್ತಾರೆ. ನನ್ನದು ಲೆಕ್ಕದ ತಲೆ. ಆ ಕುದುರೆಗಳ ಮೇವಿನ ಖರ್ಚು ಯಾರ ತಲೆ ಮೇಲಿತ್ತು?

ಕುದುರೆ ಸಾಕಿದ ಖರ್ಚನ್ನು ಬರೆದಿಟ್ಟ ಪುಣ್ಯಾತ್ಮ ಒಬ್ಬನಿದ್ದಾನೆ, ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ತಂದು, ನಮ್ಮ ಬೀದರಿನಲ್ಲಿ ಮಾರಿದ. ತರುವ ಹೊತ್ತಿಗೆ ನೂರು ರೂಬಲ್ ಆಗಿತ್ತಂತೆ. ಒಂದು ವರ್ಷ ಸಾಕಿದ್ದಕ್ಕೆ 68 ಫುತುನ್ ಖರ್ಚು. ಇಲ್ಲಿಯವರು ಕುದುರೆಗೆ ಕಡಲೆ ಹಾಕ್ತಾರೆ, ಸಕ್ಕರೆ-ಎಣ್ಣೆ ಬೆರೆಸಿ ಕಿಚಡಿ ಬೇಯಿಸಿ ತಿನ್ನಿಸ್ತಾರೆ ಅಂತಲೂ ಬರೆದಿದ್ದಾನೆ.

ವಿಜಯನಗರದಲ್ಲೂ ಬೇಯಿಸಿದ ಮೇವೇ. ರಾಯನ ಕಾಲದಲ್ಲೇ ಬರೆದ ಪೋರ್ಚುಗೀಸ್ ಬಾರ್ಬೋಸಾ ಹೇಳುವಂತೆ, ಆನೆ ಕುದುರೆಗಳಿಗೇ ದೊಡ್ಡ ಅಡಿಗೆಮನೆಗಳು, ತಾಮ್ರದ ಹಂಡೆಗಳು. ಅಕ್ಕಿ, ಕಡಲೆ, ಬೇರೆ ಕಾಳು ಬೇಯುತ್ತಿತ್ತು. ನಮ್ಮೂರಲ್ಲಿ ಎತ್ತಿಗೆ ಹುರುಳಿ ಬೇಯಿಸಿಟ್ಟು, ಬಸಿದ ಕಟ್ಟಿನಲ್ಲಿ ಸಾರು ಮಾಡ್ತಾರಲ್ಲ, ವಿಜಯವಾಡದವರ ಉಲವಚಾರು ಕೂಡ ಅದೇ ಜಾತಿ!

ಸವಾರನಿಗೆ ಅರಮನೆ ಕೊಡುತ್ತಿದ್ದದ್ದು ಒಂದು ಕುದುರೆ, ಒಬ್ಬ ಕಾಸ್ತಾರ, ಒಬ್ಬ ಆಳುಹೆಣ್ಣು, ತಿಂಗಳಿಗೆ ನಾಲ್ಕೈದು ಪರ್ದಾವ್. ಪರ್ದಾವ್ ಅಂದರೆ ಇಲ್ಲಿಯ ಚಿನ್ನದ ನಾಣ್ಯಕ್ಕೆ ಪೋರ್ಚುಗೀಸರು ಕರೆದ ಹೆಸರು. ಕುದುರೆಗೂ ಕಾಸ್ತಾರನಿಗೂ ದಿನಾ ಪಡಿ ಬೇರೆ. ಕುದುರೆ ಮೈತುಂಬಿಕೊಂಡಿದ್ದರೆ ಇನ್ನೂ ಒಳ್ಳೆಯದು ಸಿಗುತ್ತಿತ್ತು. ಅಸಡ್ಡೆ ಮಾಡಿದವನಿಗೆ ಕಳಪೆಯದು.

ಈಗ ಕೂಡಿಸಿ ನೋಡಿ. 1535ರ ಸುಮಾರಿಗೆ ಬರೆದ ನೂನಿಜ್ ಪ್ರಕಾರ ನಾಡ ಕುದುರೆ ಸಾವಿರ ಪರ್ದಾವ್‌ಗೆ ಹನ್ನೆರಡರಿಂದ ಹದಿನೈದು, ಅಂದರೆ ಒಂದಕ್ಕೆ 67ರಿಂದ 83. ಸವಾರನ ಸಂಬಳವೇ ವರ್ಷಕ್ಕೆ 48ರಿಂದ 60! ಒಂದೂವರೆ ವರ್ಷದ ಸಂಬಳಕ್ಕೆ ಕುದುರೆಯ ಬೆಲೆ ಸರಿಹೋಯಿತು. ಕಾಳಿನ ಖರ್ಚು ಇನ್ನೂ ಸೇರಿಸಿಲ್ಲ. ಇಬ್ಬರ ಬರಹಕ್ಕೂ ಇಪ್ಪತ್ತು ವರ್ಷದ ಅಂತರವಿದೆ, ಹಾಗಾಗಿ ಇದು ಅಂದಾಜು ಲೆಕ್ಕ. ಆದರೂ ಕೊಳ್ಳೋದು ಸುಲಭ, ಸಾಕೋದೇ ಕಷ್ಟ ಅನ್ನೋದಂತೂ ಖಚಿತ.

ಅರಮನೆಗೂ ಇದು ಗೊತ್ತಿತ್ತು. ಅದರ ಮುದ್ರೆಯ ಕುದುರೆ ಸತ್ತರೆ, ಮುದ್ರೆಯಿದ್ದ ಚರ್ಮದ ತುಂಡು ತಂದು ತೋರಿಸಿದರೆ ಮಾತ್ರ ಇನ್ನೊಂದು. ವರ್ಷಕ್ಕೆ 13,000 ಕುದುರೆ ಕೊಂಡು, ಉತ್ತಮವಾದವನ್ನು ಇಟ್ಟುಕೊಂಡು, ನಾಡ ಕುದುರೆಗಳನ್ನು ನಾಯಕರಿಗೆ ಸಾವಿರಕ್ಕೆ ಐದರಂತೆ ಮಾರುತ್ತಿದ್ದರು. ಒಂದಕ್ಕೆ 200! ಆ ದುಡ್ಡಿನಲ್ಲೇ ಪೋರ್ಚುಗೀಸರ ಅರಬ್ಬಿ ಕುದುರೆಗಳ ಬಾಕಿ ತೀರುತ್ತಿತ್ತು. ಬೊಕ್ಕಸದಿಂದ ಕಾಸೂ ಹೋಗುತ್ತಿರಲಿಲ್ಲ ಅಂತಾನೆ ನೂನಿಜ್.

ಹಾಗಾದರೆ ನಾಯಕನ ಲಾಯ ನಡೆದದ್ದು ಹೇಗೆ? ಅವನಿಗೆ ಬಿಟ್ಟುಕೊಟ್ಟ ಸೀಮೆಯ ಹುಟ್ಟುವಳಿಯಿಂದ. ಅರಸನಿಗೆ ಕಟ್ಟುವುದನ್ನು ಕಟ್ಟಿ, ಗೊತ್ತುಮಾಡಿದಷ್ಟು ಕಾಲಾಳು, ಕುದುರೆ, ಆನೆ ಸಾಕಬೇಕು. ರೈತ ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೆ ಕೊಡುತ್ತಿದ್ದ ಅಂತ ನೂನಿಜ್ ಬರೆಯುತ್ತಾನೆ. ಪರದೇಶಿ ವ್ಯಾಪಾರಿಯ ಮಾತು, ಸ್ವಲ್ಪ ಉಪ್ಪು ಖಾರ ಬಿದ್ದಿರಬಹುದು. ಅರ್ಧ ಕಳೆದರೂ ಹೊರೆ ಸಣ್ಣದಲ್ಲ.

ಸಿಂಹಾಚಲದ ಶಾಸನದಲ್ಲಿ ರಾಯನ ಹೆಸರಿದೆ, ದೇವರಿಗೆ ಕೊಟ್ಟ ಒಡವೆಗಳ ಪಟ್ಟಿಯಿದೆ. ಓದುವಾಗ ಎದೆ ಉಬ್ಬುತ್ತೆ, ಸುಳ್ಳು ಯಾಕೆ ಹೇಳಲಿ. ಜೊತೆಗೇ, ತನ್ನ ಮನೆಯ ಮಡಕೆಗೆ ಹೋಗಬೇಕಿದ್ದ ಕಾಳನ್ನು ಲಾಯದ ಹಂಡೆಗೆ ಅಳೆದುಕೊಟ್ಟ ರೈತನೂ ನೆನಪಾಗ್ತಾನೆ. ನೀವು ಈ ಕಡೆ ಬಂದರೆ ಆ ಕಲ್ಲಿನ ಮುಂದೆ ಅವನನ್ನೂ ಒಂದು ಕ್ಷಣ ನೆನೆಸಿಕೊಳ್ಳಿ.